ಚೆಂಡು ಬಲಕ್ಕೆ ತಿರುಗಿದರೆ ತಪ್ಪು ಎಲ್ಲಿದೆ?

2021ರ ಆಗಸ್ಟ್ 7, ಶನಿವಾರ. ಪೂರ್ತಿ ಬೆಳಕು ಹರಿಯುವ ಮೊದಲೇ ಎಷ್ಟೋ ಮನೆಗಳಲ್ಲಿ ಟಿ.ವಿ. ಹಚ್ಚಿದ್ದರು. ಟೋಕಿಯೊ ಒಲಿಂಪಿಕ್ಸ್‌ನ ಮಹಿಳೆಯರ ಗಾಲ್ಫ್ ಕೊನೆಯ ಸುತ್ತು ನಡೆದಿತ್ತು, ಬೆಂಗಳೂರಿನ ಅದಿತಿ ಅಶೋಕ್ ಪದಕದ ಪೈಪೋಟಿಯಲ್ಲಿದ್ದರು. ಬರ್ಡಿ, ಬೋಗಿ ಎಂದರೆ ಏನೆಂದು ತಿಳಿಯದವರೂ ಚೆಂಡು ಕುಳಿಯ ಹತ್ತಿರ ಉರುಳಿದಾಗಲೆಲ್ಲ ಉಸಿರು ಬಿಗಿಹಿಡಿದು ಕುಳಿತರು. ನಡುವೆ ಗುಡುಗು ಮಿಂಚು ಬಂದು ಆಟ ನಿಂತಿತು, ಮತ್ತೆ ಶುರುವಾಯಿತು. ಕೊನೆಗೆ ಬೆಳ್ಳಿ, ಕಂಚಿಗೆ ಸೆಣಸಿದ ಇಬ್ಬರಿಗಿಂತ ಒಂದೇ ಒಂದು ಹೊಡೆತ ಹೆಚ್ಚಾಗಿ ಅದಿತಿ ನಾಲ್ಕನೆಯ ಸ್ಥಾನಕ್ಕೆ ನಿಂತರು. ಅದೇ ದಿನ ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದರು, ಊರೆಲ್ಲ ಆ ಮಾತಾಯಿತು. ಆದರೆ ಬೆಳಗಿನ ಆಟ ನೋಡಿದವರ ತಲೆಯಲ್ಲಿ ಒಂದು ಪ್ರಶ್ನೆ ಉಳಿದುಕೊಂಡಿತು. ಚೆಂಡು ನೆಲದ ಮೇಲೆ ಸುಮ್ಮನೆ ಕುಳಿತಿರುತ್ತದೆ, ಯಾರೂ ಅದನ್ನು ಎಸೆಯುವುದಿಲ್ಲ, ತಿರುಗಿಸುವುದಿಲ್ಲ. ಅದನ್ನು ನೇರಕ್ಕೆ ಹೊಡೆಯುವುದು ಅಷ್ಟು ಕಷ್ಟವೇ?

ಕಷ್ಟ ಎಂದು ಗೊತ್ತಾಗುವುದು ಕೈಗೆ ಕೋಲು ಬಂದ ದಿನ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ಹುಡುಗರು ಈಗ ಪುಣೆ, ಬೆಂಗಳೂರಿನ ಕಂಪನಿಗಳಲ್ಲಿ ತುಂಬಿದ್ದಾರೆ. ಅಲ್ಲಿ ಗೆಳೆಯರ ಜೊತೆ ಡ್ರೈವಿಂಗ್ ರೇಂಜಿಗೆ, ಅಂದರೆ ಬಕೆಟ್ ಲೆಕ್ಕದಲ್ಲಿ ಚೆಂಡು ಕೊಂಡು ಹೊಡೆದು ಕಲಿಯುವ ಬಯಲಿಗೆ, ಹೋಗುವುದು ಸಾಮಾನ್ಯವಾಗಿದೆ. ಊರಲ್ಲಿ ಟೆನಿಸ್ ಬಾಲ್ ಕ್ರಿಕೆಟ್ಟಿನಲ್ಲಿ ಸಿಕ್ಸರ್ ಹೊಡೆದವನು, ತಾಲೀಮಿನಲ್ಲಿ ಜೋರು ಬೈಠಕ್ ತೆಗೆದವನು, ಇಲ್ಲಿ ಮೊದಲ ಏಟಿಗೆ ಗಾಳಿಯನ್ನು ಹೊಡೆಯುತ್ತಾನೆ. ಎರಡನೆಯ ಏಟಿಗೆ ಹುಲ್ಲು ಏಳುತ್ತದೆ. ಮೂರನೆಯದು ಚೆಂಡಿಗೆ ತಾಗಿದರೂ ಅದು ನೇರ ಹೊರಟಂತೆ ಮಾಡಿ ಬಲಕ್ಕೆ ಬಾಗಿ ಎಲ್ಲೋ ಬೀಳುತ್ತದೆ. ಬಲವೂ ಇದೆ, ಕಣ್ಣೂ ಚುರುಕಾಗಿದೆ, ಆದರೂ ಹೀಗೇಕೆ?

ಕಾಲು ಸೆಕೆಂಡಿನ ಲೆಕ್ಕ

ಗಾಲ್ಫ್ ಚೆಂಡಿನ ವ್ಯಾಸ ಕನಿಷ್ಠ 42.67 ಮಿಲಿಮೀಟರ್, ತೂಕ ಹೆಚ್ಚೆಂದರೆ 45.93 ಗ್ರಾಂ. ಹೊಡೆಯುವಾಗ ಕ್ಲಬ್ಬಿನ, ಅಂದರೆ ಗಾಲ್ಫ್ ಕೋಲಿನ, ಮುಖಕ್ಕೂ ಚೆಂಡಿಗೂ ಇರುವ ಸಂಪರ್ಕ ಸುಮಾರು ಅರ್ಧ ಮಿಲಿಸೆಕೆಂಡ್, ಒಂದು ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಪಾಲು. ನುರಿತ ಆಟಗಾರರು ಕ್ಲಬ್ಬನ್ನು ಹಿಂದಕ್ಕೆ ಎತ್ತಲು ಮುಕ್ಕಾಲು ಸೆಕೆಂಡ್, ಕೆಳಗೆ ತಂದು ಚೆಂಡಿಗೆ ಮುಟ್ಟಿಸಲು ಕಾಲು ಸೆಕೆಂಡ್ ತೆಗೆದುಕೊಳ್ಳುತ್ತಾರೆ. ಹೆಚ್ಚುಕಡಿಮೆ ಮೂರಕ್ಕೆ ಒಂದು.

ಈ ಕಾಲು ಸೆಕೆಂಡ್ ನೆನಪಿಟ್ಟುಕೊಳ್ಳಬೇಕು. ಕಣ್ಣು ಕಂಡದ್ದಕ್ಕೆ ಕೈ ಸ್ಪಂದಿಸಲು ಮನುಷ್ಯನಿಗೆ ಹತ್ತಿರ ಹತ್ತಿರ ಅಷ್ಟೇ ಹೊತ್ತು ಬೇಕು. ಕ್ಲಬ್ ಕೆಳಗಿಳಿಯಲು ಶುರುವಾದ ಮೇಲೆ ತಪ್ಪಾಗುತ್ತಿದೆ ಎಂದು ತಿಳಿದರೂ ತಿದ್ದಿಕೊಳ್ಳಲು ಪುರಸೊತ್ತಿಲ್ಲ. ಆದ್ದರಿಂದ ಗಾಲ್ಫಿನ ಬಹುತೇಕ ತಪ್ಪುಗಳು ಚೆಂಡು ಹಾರಿದಾಗ ಕಂಡರೂ ಅವು ಕೂತಿರುವುದು ಕ್ಲಬ್ ಅಲುಗುವ ಮುಂಚೆ, ಕೈ ಹಿಡಿದ ರೀತಿಯಲ್ಲಿ, ಕಾಲು ಇಟ್ಟ ರೀತಿಯಲ್ಲಿ. ಇದನ್ನು ಒಪ್ಪಿಕೊಂಡವರು ಬೇಗ ಸುಧಾರಿಸುತ್ತಾರೆ. ಒಪ್ಪದವರು ವರ್ಷಗಟ್ಟಲೆ ಅದೇ ತಪ್ಪನ್ನು ಇನ್ನಷ್ಟು ಜೋರಾಗಿ ಮಾಡುತ್ತಾರೆ.

ಅಮೆರಿಕದ ಗಾಲ್ಫ್ ಆಟಗಾರ ಬೆನ್ ಹೋಗನ್ 1957ರಲ್ಲಿ ‘ಫೈವ್ ಲೆಸನ್ಸ್’ ಎಂಬ ಪುಸ್ತಕ ತಂದರು. ಇಂದಿಗೂ ತರಬೇತುದಾರರ ಕೈಯಲ್ಲಿರುವ ಪುಸ್ತಕ ಅದು. ಅದರ ಐದು ಪಾಠಗಳಲ್ಲಿ ಮೊದಲನೆಯದು ಹಿಡಿತ, ಎರಡನೆಯದು ನಿಲುವು. ಕ್ಲಬ್ ಎತ್ತುವ ಮಾತು ಬರುವುದು ಮೂರನೆಯ ಪಾಠದಲ್ಲಿ.

ಚೆಂಡು ಕೊಡುವ ಸಾಕ್ಷಿ

ಮುಂದೆ ಓದುವ ಮೊದಲು ಒಂದು ಮಾತು: ಇಲ್ಲಿ ಎಡ, ಬಲ ಎಂದಿರುವುದೆಲ್ಲ ಬಲಗೈ ಆಟಗಾರರ ಲೆಕ್ಕ. ಎಡಗೈಯವರು ತಿರುವಿಕೊಂಡು ಓದಬೇಕು.

ಬಲಕ್ಕೆ ಬಾಗಿ ಹೋಗುವ ಹೊಡೆತಕ್ಕೆ ಸ್ಲೈಸ್ ಎನ್ನುತ್ತಾರೆ, ಎಡಕ್ಕೆ ಬಾಗಿದರೆ ಹುಕ್. ಹೊಸಬರಲ್ಲಿ ಸ್ಲೈಸ್ ಕಾಟವೇ ಹೆಚ್ಚು. ಚೆಂಡು ಎತ್ತ ಹೋಗುತ್ತದೆ ಎಂಬುದನ್ನು ಎರಡು ಸಂಗತಿ ತೀರ್ಮಾನಿಸುತ್ತವೆ. ಒಂದು, ತಾಗುವ ಗಳಿಗೆಯಲ್ಲಿ ಕ್ಲಬ್ಬಿನ ಮುಖ ಎತ್ತ ನೋಡುತ್ತಿತ್ತು. ಎರಡು, ಕ್ಲಬ್ ಯಾವ ದಾರಿಯಲ್ಲಿ ಸಾಗಿ ಬಂತು. ಚೆಂಡು ಹೊರಡುವ ದಿಕ್ಕನ್ನು ಮುಖ್ಯವಾಗಿ ನಿರ್ಧರಿಸುವುದು ಕ್ಲಬ್ಬಿನ ದಾರಿ ಎಂದು ಬಹಳ ಕಾಲ ಕಲಿಸುತ್ತಿದ್ದರು. ಚೆಂಡಿನ ಹಾರಾಟ ಅಳೆಯುವ ರಾಡಾರ್ ಯಂತ್ರಗಳು ಬಂದ ಮೇಲೆ ಅದು ತಲೆಕೆಳಗಾಯಿತು. ಚೆಂಡು ಹೊರಡುವುದು ಬಹುಪಾಲು ಮುಖ ನೋಡುತ್ತಿದ್ದ ಕಡೆಗೇ. ಮುಖಕ್ಕೂ ದಾರಿಗೂ ನಡುವೆ ಎಷ್ಟು ವ್ಯತ್ಯಾಸವಿದೆಯೋ ಅಷ್ಟು ಅದು ಗಾಳಿಯಲ್ಲಿ ಬಾಗುತ್ತದೆ.

ಹಾಗಾಗಿ ಚೆಂಡು ಬಲಕ್ಕೆ ಬಾಗಿದರೆ ಹೇಳಬಹುದಾದದ್ದು ಇಷ್ಟು: ಕ್ಲಬ್ ಸಾಗಿದ ದಾರಿಗೆ ಹೋಲಿಸಿದರೆ ಮುಖ ಬಲಕ್ಕೆ ತೆರೆದಿತ್ತು. ‘ತಲೆ ಎತ್ತಿದೆ’, ‘ಜೋರು ಸಾಲಲಿಲ್ಲ’ ಎಂಬ ಪಕ್ಕದವರ ತೀರ್ಪುಗಳಿಗಿಂತ ಚೆಂಡಿನ ಈ ಸಾಕ್ಷಿ ನಂಬಿಗಸ್ತ. ಹತ್ತು ಚೆಂಡು ಹೊಡೆದು ಪ್ರತಿಯೊಂದೂ ಎತ್ತ ಹೊರಟಿತು, ಎತ್ತ ಬಾಗಿತು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡರೆ ಅರ್ಧ ಪರೀಕ್ಷೆ ಮುಗಿದಂತೆ.

ಹಿಡಿತ ಸರಿಯಾಗದೆ ಮುಂದಿನದು ಸರಿಯಾಗದು

ಮುಖ ತೆರೆದಿರಲು ಮೊದಲ ಕಾರಣ ಹಿಡಿತ. ಹೊಸಬರು ಕ್ಲಬ್ಬನ್ನು ಅಂಗೈ ನಡುವೆ ಇಟ್ಟುಕೊಂಡು ಮುಷ್ಟಿ ಬಿಗಿಯುತ್ತಾರೆ. ಸಲಿಕೆ, ಕೊಡಲಿ ಹಿಡಿದ ಕೈಗೆ ಅದೇ ಸಹಜ. ಗಾಲ್ಫಿನಲ್ಲಿ ಎಡಗೈ ಹಿಡಿತ ಬೆರಳುಗಳ ಬುಡದಲ್ಲಿ ಕೂಡಬೇಕು, ಅಂಗೈಯ ದಪ್ಪ ಭಾಗ ಮೇಲಿಂದ ಒರಗಬೇಕು.

ಪರೀಕ್ಷೆ ಸುಲಭ. ಕ್ಲಬ್ಬನ್ನು ಚೆಂಡಿನ ಹಿಂದೆ ಇಟ್ಟು ನಿಂತು ಕೆಳಗೆ ನೋಡಿ. ಎಡಗೈಯ ಎರಡು, ಇಲ್ಲವೇ ಎರಡೂವರೆ ಗೆಣ್ಣು ಕಾಣಬೇಕು. ಹೆಬ್ಬೆರಳು, ತೋರುಬೆರಳಿನ ನಡುವಿನ ಗೆರೆ ಬಲ ಭುಜದ ಕಡೆ ತೋರಿಸಬೇಕು. ಒಂದೇ ಗೆಣ್ಣು ಕಂಡು, ಆ ಗೆರೆ ಗದ್ದಕ್ಕೋ ಎಡ ಭುಜಕ್ಕೋ ತೋರಿದರೆ ಕ್ಲಬ್ಬಿನ ಮುಖ ಕೆಳಗೆ ಬರುವಾಗ ತೆರೆದೇ ಇರುತ್ತದೆ. ನಾಲ್ಕೂ ಗೆಣ್ಣು ಕಂಡರೆ ಮುಖ ಮುಚ್ಚಿಕೊಂಡು ಚೆಂಡು ಎಡಕ್ಕೆ ಬಾಗುತ್ತದೆ.

ಇಲ್ಲೊಂದು ಎಚ್ಚರಿಕೆ ಬೇಕು. ಹೋಗನ್ ಅವರಿಗೆ ಹರೆಯದಲ್ಲಿ ಕಾಡಿದ್ದು ಹುಕ್. ಅದನ್ನು ತಡೆಯಲೆಂದೇ ಅವರು ತಮ್ಮ ಎಡಗೈಯನ್ನು ಇನ್ನಷ್ಟು ಎಡಕ್ಕೆ ತಿರುಗಿಸಿಕೊಂಡಿದ್ದರು. ಸ್ಲೈಸ್ ಹೊಡೆಯುವವನು ಅವರ ಪುಸ್ತಕದ ಚಿತ್ರ ನೋಡಿ ಹಾಗೇ ಹಿಡಿದರೆ ರೋಗ ಉಲ್ಬಣಿಸುತ್ತದೆ. ಮಹಾನ್ ಆಟಗಾರರ ಮದ್ದು ಅವರವರ ರೋಗಕ್ಕೆ ಹೊಂದಿಸಿಕೊಂಡದ್ದು, ಎಲ್ಲರೂ ಕುಡಿಯತಕ್ಕದ್ದಲ್ಲ.

ಎರಡು ಕೈಗಳನ್ನು ಜೋಡಿಸುವ ಬಗೆ ಮೂರು. ಬಲಗೈ ಕಿರುಬೆರಳನ್ನು ಎಡಗೈಯ ಬೆರಳ ಸಂದಿನ ಮೇಲೆ ಕೂರಿಸುವುದಕ್ಕೆ ವಾರ್ಡನ್ ಹಿಡಿತ ಎಂದು ಹೆಸರು. ಬ್ರಿಟಿಷ್ ಓಪನ್ ಆರು ಬಾರಿ ಗೆದ್ದ ಹ್ಯಾರಿ ವಾರ್ಡನ್ ಅದನ್ನು ಜನಪ್ರಿಯ ಮಾಡಿದರು. ಬಲಗೈ ಕಿರುಬೆರಳು, ಎಡಗೈ ತೋರುಬೆರಳು ಹೆಣೆದುಕೊಳ್ಳುವ ಬಗೆಯನ್ನು ಜ್ಯಾಕ್ ನಿಕ್ಲಾಸ್, ಟೈಗರ್ ವುಡ್ಸ್ ಬಳಸಿದರು. ಹತ್ತೂ ಬೆರಳು ಕೋಲಿನ ಮೇಲಿಡುವುದು ಮಕ್ಕಳಿಗೂ ಸಣ್ಣ ಕೈಯವರಿಗೂ ಹಗುರ. ಮೂರೂ ನಡೆಯುತ್ತವೆ. ಹಿಡಿತ ಬದಲಿಸಿದಾಗ ಮೊದಲ ಕೆಲವು ದಿನ ಕೈ ಬೇರೆ ಯಾರದೋ ಅನಿಸುತ್ತದೆ, ಅಲ್ಲಿಗೇ ಬೇಸತ್ತು ಹಳೆಯದಕ್ಕೆ ಮರಳುವವರೇ ಹೆಚ್ಚು. ಮನೆಯಲ್ಲಿ ಟಿ.ವಿ. ನೋಡುತ್ತಾ ಕ್ಲಬ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿದರೆ ಈ ಅಡಚಣೆ ದಾಟಬಹುದು.

ಗುರಿಯತ್ತ ಕಾಲಿಲ್ಲ

ನಿಲುವಿನಲ್ಲಿ ಹೆಚ್ಚಿನವರ ದೋಷ ಒಂದೇ: ತಾವು ಎತ್ತ ಮುಖ ಮಾಡಿ ನಿಂತಿದ್ದೇವೆಂದು ಗೊತ್ತಿರುವುದಿಲ್ಲ. ಚೆಂಡು ಪಕ್ಕದಲ್ಲಿ, ಗುರಿ ಎಡಗಡೆ ದೂರದಲ್ಲಿ ಇರುವುದರಿಂದ ಕಣ್ಣು ಮೋಸ ಹೋಗುತ್ತದೆ. ನೆಲದ ಮೇಲೆ ಎರಡು ನೇರ ಕೋಲು ಹಾಕಿ. ಕಬ್ಬಿನ ಜಲ್ಲೆಯಾದರೂ ಆದೀತು. ಒಂದು ಚೆಂಡಿನಿಂದ ಗುರಿಯ ಕಡೆಗೆ, ಇನ್ನೊಂದು ಅದಕ್ಕೆ ಸಮಾನಾಂತರವಾಗಿ ಕಾಲ್ಬೆರಳ ತುದಿಗೆ. ಮೊಣಕಾಲು, ಸೊಂಟ, ಭುಜ ಈ ಎರಡನೆಯ ಕೋಲಿಗೆ ಹೊಂದಿರಬೇಕು. ವೃತ್ತಿಪರ ಟೂರ್ ಆಟಗಾರರ ಅಭ್ಯಾಸದ ಜಾಗದಲ್ಲೂ ಇಂಥ ಕೋಲುಗಳು ಬಿದ್ದಿರುತ್ತವೆ.

ಬಾಗುವುದು ಸೊಂಟದ ಕೀಲಿನಿಂದ, ಬೆನ್ನು ಗೂನು ಮಾಡಿ ಅಲ್ಲ. ತೂಕ ಪಾದದ ನಡುವೆ. ಬೆರಳ ಮೇಲೆ ತೂಕ ಬಿದ್ದರೆ ಚೆಂಡು ಕ್ಲಬ್ಬಿನ ಕೊರಳಿಗೆ ಬಡಿದು ಥಟ್ಟನೆ ಬಲಕ್ಕೆ ಸಿಡಿಯಬಹುದು. ಶ್ಯಾಂಕ್ ಎಂಬ ಈ ಹೊಡೆತಕ್ಕೆ ಹಳಬರೂ ಹೆದರುತ್ತಾರೆ.

ಮೇಲಿನಿಂದ ಕಡಿಯುವ ಚಾಳಿ

ಈಗ ಸ್ಲೈಸಿನ ಮೂಲಕ್ಕೆ ಬರೋಣ. ಅದನ್ನು ಬಿಡಿಸಿ ನೋಡಿದರೆ ತಪ್ಪೊಂದು ತನ್ನನ್ನು ತಾನೇ ಹೇಗೆ ಸಾಕಿಕೊಳ್ಳುತ್ತದೆ ಎಂಬುದು ತಿಳಿಯುತ್ತದೆ.

ಕ್ಲಬ್ ಹಿಂದೆ, ಮೇಲೆ ಹೋಗಿದೆ. ಈಗ ಕೆಳಗೆ ಬರಬೇಕು. ಜೋರಾಗಿ ಹೊಡೆಯಬೇಕೆಂಬ ಆತುರದಲ್ಲಿ ಬಲ ಭುಜ ಎಲ್ಲಕ್ಕಿಂತ ಮೊದಲು ಮುಂದಕ್ಕೆ, ಚೆಂಡಿನತ್ತ ನುಗ್ಗುತ್ತದೆ. ಭುಜ ನುಗ್ಗಿದಾಗ ಕೈಗಳು ಮೈಯಿಂದ ದೂರ ಸರಿದು, ಕ್ಲಬ್ ಗುರಿಗೆರೆಯ ಆಚೆಯಿಂದ ಈಚೆಗೆ, ಬಲದಿಂದ ಎಡಕ್ಕೆ ಚೆಂಡನ್ನು ಕೊಯ್ಯುತ್ತಾ ಬರುತ್ತದೆ. ದಾರಿ ಎಡಕ್ಕೆ, ಮುಖ ಅದಕ್ಕಿಂತ ಬಲಕ್ಕೆ. ಚೆಂಡು ಬಲಕ್ಕೆ ಬಾಗದೆ ಇನ್ನೇನು ಮಾಡೀತು?

ಆಟಗಾರ ಇದನ್ನು ನೋಡುತ್ತಾನೆ. ಚೆಂಡು ಬಲಕ್ಕೆ ಹೋಗುತ್ತಿದೆ, ಹಾಗಾದರೆ ಎಡಕ್ಕೆ ಗುರಿಯಿಡೋಣ ಎಂದುಕೊಂಡು ಕಾಲನ್ನು ಎಡಕ್ಕೆ ತಿರುಗಿಸಿ ನಿಲ್ಲುತ್ತಾನೆ. ಈಗ ಕ್ಲಬ್ಬಿನ ದಾರಿ ಇನ್ನೂ ಎಡಕ್ಕಾಯಿತು. ಮುಖಕ್ಕೂ ದಾರಿಗೂ ನಡುವಿನ ಕೋನ ಹಿಗ್ಗಿತು. ಚೆಂಡು ಮೊದಲಿಗಿಂತ ಹೆಚ್ಚು ಬಾಗಿತು. ಅವನು ಇನ್ನಷ್ಟು ಎಡಕ್ಕೆ ತಿರುಗಿ ನಿಂತ. ವರ್ಷ ಕಳೆಯುವಷ್ಟರಲ್ಲಿ ಎಡಗಡೆಯ ಮರಕ್ಕೆ ಮುಖಮಾಡಿ ನಿಂತು ಬಲಗಡೆಯ ಬೇಲಿಗೆ ಚೆಂಡು ಹೊಡೆಯುವ ಆಟಗಾರ ತಯಾರಾಗಿರುತ್ತಾನೆ. ಅವನ ತರ್ಕದಲ್ಲಿ ಎಲ್ಲೂ ದಡ್ಡತನವಿಲ್ಲ. ಕಂಡ ತೊಂದರೆಗೆ ಕಂಡ ಪರಿಹಾರ ಮಾಡುತ್ತಾ ಹೋದ, ಕಾಣದ ಕಾರಣ ಹಾಗೇ ಉಳಿಯಿತು.

ಬಿಡಿಸುವುದು ಹಿಮ್ಮುಖವಾಗಿ. ಮೊದಲು ಹಿಡಿತ ತಿದ್ದಿ ಮುಖ ಮುಚ್ಚುವಂತೆ ಮಾಡಬೇಕು. ಆಗ ಚೆಂಡು ಎಡಕ್ಕೆ ಹೊರಟು ಎಡಕ್ಕೇ ಹೋಗುತ್ತದೆ. ಹೆಚ್ಚಿನವರು ಗಾಬರಿಯಾಗುವುದು ಇಲ್ಲಿ. ಗಾಬರಿ ಬೇಡ, ದಾರಿ ಎಡಕ್ಕಿದೆ ಎಂಬುದು ಈಗ ಕಣ್ಣಿಗೇ ಕಾಣುತ್ತಿದೆ ಅಷ್ಟೆ. ಚೆಂಡು ಎಡಕ್ಕೆ ಹೋಗುವುದನ್ನು ಕಂಡ ಮೈ ತಾನಾಗಿ ಕ್ಲಬ್ಬನ್ನು ಒಳಗಿನಿಂದ ತರಲು ಹವಣಿಸುತ್ತದೆ. ಮುಖ ಮೊದಲು, ದಾರಿ ಆಮೇಲೆ ಎಂಬ ಈ ಕ್ರಮ ತಪ್ಪಿದರೆ ಕಷ್ಟ. ಮುಖ ತೆರೆದೇ ಇರುವಾಗ ದಾರಿ ಮಾತ್ರ ತಿದ್ದಿದರೆ ಚೆಂಡು ನೇರ ಬಲಕ್ಕೆ ಹೊರಟು ಅಲ್ಲಿಂದ ಮರಳುವುದಿಲ್ಲ, ಆಟಗಾರ ಹೆದರಿ ಮತ್ತೆ ಹಳೆಯ ದಾರಿಗೇ ಬೀಳುತ್ತಾನೆ.

ದಾರಿ ತಿದ್ದಲು ಒಂದು ಖಾಲಿ ನೀರಿನ ಬಾಟಲಿ ಸಾಕು. ಚೆಂಡಿನಿಂದ ಒಂದು ಗೇಣು ಹಿಂದೆ, ಗುರಿಗೆರೆಯಿಂದ ನಾಲ್ಕು ಬೆರಳು ಆಚೆಗೆ, ನಿಮ್ಮಿಂದ ದೂರದ ಬದಿಗೆ ಅದನ್ನು ಮಲಗಿಸಿ. ಮೇಲಿನಿಂದ ಕಡಿದರೆ ಕ್ಲಬ್ ಬಾಟಲಿಗೆ ಬಡಿಯುತ್ತದೆ. ಬಾಟಲಿ ತಪ್ಪಿಸಿ ಚೆಂಡು ಹೊಡೆಯಲು ಯತ್ನಿಸುತ್ತಿದ್ದಂತೆ ಬಲ ಮೊಣಕೈ ಪಕ್ಕೆಯ ಹತ್ತಿರ ಇಳಿಯುವುದನ್ನು ಕಲಿಯುತ್ತದೆ. ಇನ್ನೊಂದು ಉಪಾಯ, ಮೇಲೆ ಹೋದ ಕ್ಲಬ್ಬನ್ನು ಅರೆಕ್ಷಣ ನಿಲ್ಲಿಸಿ, ಮೊದಲು ಎಡ ಪಾದದ ಮೇಲೆ ತೂಕ ಊರಿ, ಆಮೇಲೆ ಕೈ ಬಿಡುವುದು. ಕೆಳಗಿನ ಮೈ ಮೊದಲು, ಕೈ ಕೊನೆಗೆ. ಕುಸ್ತಿ ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಸೊಂಟ ತಿರುಗದೆ ಬರೀ ತೋಳಿನಿಂದ ಯಾರನ್ನೂ ಕೆಡವಲಾಗದು ಎಂದು ತಾಲೀಮಿನ ವಸ್ತಾದರು ಅವರಿಗೆ ಮೊದಲೇ ಮೈಗೆ ಹತ್ತಿಸಿರುತ್ತಾರೆ.

ಕ್ರಿಕೆಟ್ ಬಿಡಿಸಬೇಕಾದದ್ದು

ನಮ್ಮ ಹುಡುಗರು ಗಾಲ್ಫಿಗೆ ಬರುವುದು ಕ್ರಿಕೆಟ್ ದಾರಿಯಲ್ಲಿ. ಅದರಿಂದ ಲಾಭವೂ ಇದೆ, ಚೆಂಡಿನ ಮೇಲೆ ಕಣ್ಣಿಡುವುದು, ಹೊಡೆತದ ಹೊತ್ತು ಹೊಂದಿಸುವುದು ಮೊದಲೇ ಬಂದಿರುತ್ತದೆ. ಆದರೆ ಕ್ರಿಕೆಟ್ಟಿನ ಎರಡು ಒಳ್ಳೆಯ ಗುಣ ಇಲ್ಲಿ ದೋಷವಾಗುತ್ತವೆ.

ನೇರ ಡ್ರೈವ್ ಆಡುವಾಗ ಎಡ ಮೊಣಕೈ ಎತ್ತರವಿರಲಿ ಎಂದು ಕಲಿಸುತ್ತಾರೆ. ಗಾಲ್ಫಿನಲ್ಲಿ ಚೆಂಡು ತಾಗಿದ ಮೇಲೆ ಎಡ ಮೊಣಕೈ ಹೊರಕ್ಕೆ ಚಾಚಿದರೆ ಮುಂಗೈ ತಿರುಗಲು ಎಡೆಯಿಲ್ಲ, ಮುಖ ತೆರೆದೇ ಉಳಿಯುತ್ತದೆ. ಎಡ ತೋಳಿನ ಮೇಲ್ಭಾಗಕ್ಕೂ ಎದೆಗೂ ನಡುವೆ ಒಂದು ಪಂಚೆಯ ತುಂಡೋ ಟವೆಲ್ಲೋ ಸಿಕ್ಕಿಸಿ, ಅದು ಬೀಳದಂತೆ ಅರ್ಧ ಸ್ವಿಂಗ್ ಮಾಡುವುದು, ಅಂದರೆ ಕ್ಲಬ್ಬನ್ನು ಅರ್ಧಕ್ಕೆ ಎತ್ತಿ ಬೀಸುವುದು, ಇದಕ್ಕೆ ಹಳೆಯ ಮದ್ದು. ಇನ್ನು ಕ್ರಿಕೆಟ್ಟಿನಲ್ಲಿ ಕಾಲು ಚೆಂಡಿನತ್ತ ಸಾಗಬೇಕು. ಇಲ್ಲಿ ಕಾಲು ನೆಟ್ಟಲ್ಲೇ ಇದ್ದು ಮೈ ತಿರುಗಬೇಕು.

ಹಿಂದಕ್ಕೆ ಕ್ಲಬ್ ಎತ್ತುವಾಗ ಇಡೀ ಸೊಂಟ ಬಲಕ್ಕೆ ಜರುಗಿ, ತೂಕ ಬಲ ಪಾದದ ಹೊರ ಅಂಚಿಗೆ ಹೋಗುವುದೂ ಇದೇ ಜಾತಿಯ ದೋಷ. ರಾಶಿಯ ಕಣದಲ್ಲಿ ಮೇಟಿಕಂಬ ಅಲುಗದೆ ಎತ್ತುಗಳು ಅದರ ಸುತ್ತ ತಿರುಗುವ ಹಾಗೆ ಮೈ ಬೆನ್ನುಹುರಿಯ ಸುತ್ತ ತಿರುಗಬೇಕು. ಬಲ ಸೊಂಟದ ಪಕ್ಕ ಒಂದು ಕ್ರಿಕೆಟ್ ಸ್ಟಂಪ್ ನೆಟ್ಟು, ಅದನ್ನು ಒತ್ತದಂತೆ ತಿರುಗುವುದನ್ನು ಅಭ್ಯಾಸ ಮಾಡಬೇಕು. ಮೇಜರ್ ಎನ್ನುವ ಅತಿ ದೊಡ್ಡ ಟೂರ್ನಿಗಳಲ್ಲಿ ಹದಿನೆಂಟು ಪ್ರಶಸ್ತಿ ಗೆದ್ದ ಜ್ಯಾಕ್ ನಿಕ್ಲಾಸ್ ಹುಡುಗನಾಗಿದ್ದಾಗ ಗುರು ಜ್ಯಾಕ್ ಗ್ರೌಟ್ ತಮ್ಮ ಸಹಾಯಕನಿಂದ ಶಿಷ್ಯನ ಕೂದಲು ಹಿಡಿಸಿ ಸ್ವಿಂಗ್ ಮಾಡಿಸುತ್ತಿದ್ದರು. ತಲೆ ಜರುಗಿದರೆ ಕೂದಲು ಎಳೆಯುತ್ತಿತ್ತು.

‘ತಲೆ ಎತ್ತಬೇಡ’ ಎಂಬ ಸುಳ್ಳು ಮದ್ದು

ಗಾಲ್ಫ್ ಬಯಲಿನಲ್ಲಿ ಅತಿ ಹೆಚ್ಚು ಕೇಳುವ ಉಪದೇಶ ಇದು. ಚೆಂಡಿನ ನೆತ್ತಿಗೆ ಕ್ಲಬ್ ತಾಗಿ ಅದು ನೆಲದ ಮೇಲೆ ಕುಪ್ಪಳಿಸುತ್ತಾ ಹೋದಾಗಲೆಲ್ಲ ಪಕ್ಕದವರು ‘ತಲೆ ಎತ್ತಿದೆ ನೋಡು’ ಎನ್ನುತ್ತಾರೆ. ಹೆಚ್ಚಿನ ಸಲ ಕಾರಣ ಬೇರೆ. ತೂಕ ಬಲಗಾಲಲ್ಲೇ ಉಳಿದಿರುತ್ತದೆ, ಇಲ್ಲವೇ ಮಣಿಕಟ್ಟು ಮುಂಚೆಯೇ ಬಿಚ್ಚಿಕೊಂಡು ಕ್ಲಬ್ ತನ್ನ ಅತ್ಯಂತ ಕೆಳಗಿನ ಬಿಂದುವನ್ನು ಚೆಂಡಿನ ಹಿಂದೆಯೇ ಮುಟ್ಟಿರುತ್ತದೆ. ಅಲ್ಲಿ ನೆಲಕ್ಕೆ ಬಡಿದರೆ ಮಣ್ಣು ಏಳುತ್ತದೆ, ಬಡಿಯದೆ ಮೇಲೇರುತ್ತಾ ಬಂದರೆ ಚೆಂಡಿನ ನೆತ್ತಿಗೆ ತಾಗುತ್ತದೆ. ನೋಡಲು ಎರಡು ತಪ್ಪು, ಕಾರಣ ಒಂದೇ.

ಸ್ವೀಡನ್ನಿನ ಆನಿಕಾ ಸೊರೆನ್‌ಸ್ಟಾಮ್ ಚೆಂಡು ತಾಗುವ ಹೊತ್ತಿಗೇ ತಲೆಯನ್ನು ಗುರಿಯತ್ತ ತಿರುಗಿಸುತ್ತಿದ್ದರು. ಮಹಿಳೆಯರ ವೃತ್ತಿಪರ ಎಲ್‌ಪಿಜಿಎ ಟೂರ್‌ನಲ್ಲಿ 72 ಪ್ರಶಸ್ತಿ, ಅದರಲ್ಲಿ ಹತ್ತು ಮೇಜರ್, ಅವರವು. ತಲೆ ತಿರುಗುವುದರಿಂದ ನಷ್ಟವಿಲ್ಲ. ತಲೆ ಅತ್ತಿತ್ತ ಜರುಗುವುದು, ಎದೆಯೊಡನೆ ಮೇಲೇಳುವುದು ಕೆಡುಕು. ಗದ್ದವನ್ನು ಎದೆಗೆ ಒತ್ತಿಹಿಡಿದರೆ ಭುಜಕ್ಕೆ ತಿರುಗಲು ಜಾಗವೇ ಇಲ್ಲದೆ ಹೊಸ ತೊಂದರೆ ಹುಟ್ಟುತ್ತದೆ.

ಇದನ್ನು ತಿದ್ದಲು ಚೆಂಡೇ ಬೇಕಿಲ್ಲ. ಪೈರು ತೆಗೆದ ಹೊಲದಲ್ಲಿ ಸುಣ್ಣದ ಪುಡಿಯಿಂದ ಎರಡು ಮಾರು ಉದ್ದದ ಗೆರೆ ಎಳೆಯಿರಿ. ಗೆರೆ ನಿಮ್ಮ ಎರಡು ಪಾದಗಳ ನಡುವೆ ಬರುವಂತೆ ನಿಂತು, ಸಣ್ಣ ಸ್ವಿಂಗ್ ಮಾಡಿ, ಕ್ಲಬ್ ಎಲ್ಲಿ ಮಣ್ಣು ಕೆರೆಯಿತೆಂದು ನೋಡಿ. ಗೆರೆಯ ಬಲಕ್ಕೆ ಕೆರೆದಿದ್ದರೆ ತೂಕ ಹಿಂದೆ ಉಳಿದಿದೆ. ಒಂದು ಹೆಜ್ಜೆ ಮುಂದೆ ಸರಿದು ಮತ್ತೆ ಮಾಡಿ. ಗೆರೆಯುದ್ದಕ್ಕೂ ಹೀಗೆ ಸಾಗಿದರೆ ಕೊನೆಗೆ ನೆಲವೇ ಬರೆದಿಟ್ಟ ಲೆಕ್ಕ ಕಣ್ಣೆದುರಿಗೆ ಇರುತ್ತದೆ. ಮಣ್ಣು ಏಳುವುದು ಗೆರೆಯ ಮೇಲೆ ಅಥವಾ ಅದರಿಂದ ಎಡಕ್ಕೆ ಎರಡು ಮೂರು ಬೆರಳು ದಾಟಿ ಆದಾಗ ಐರನ್ ಎಂಬ ಚಪ್ಪಟೆ ಲೋಹದ ತಲೆಯ ಕ್ಲಬ್ಬಿನ ಹೊಡೆತದ ಗುಟ್ಟು ಸಿಕ್ಕಂತೆ: ಚೆಂಡು ಮೊದಲು, ನೆಲ ಆಮೇಲೆ. ಹೊಲದಲ್ಲಿ ಕಲ್ಲಿಲ್ಲದ್ದನ್ನು ಮೊದಲೇ ನೋಡಿಕೊಳ್ಳಬೇಕು, ಸುತ್ತ ಯಾರೂ ನಿಂತಿರಬಾರದು.

ಕುರ್ಚಿ ಕಸಿದ ಸೊಂಟ

ಕೆಳಗೆ ಬರುವಾಗ ಸೊಂಟ ಚೆಂಡಿನತ್ತ ನುಗ್ಗಿ ಮೈ ನೆಟ್ಟಗಾಗುವುದು ಮಧ್ಯವಯಸ್ಕರಲ್ಲಿ ಬಹಳ. ಕೈಗೆ ಜಾಗ ಸಾಲದೆ ಚೆಂಡು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಇದರ ಹಿಂದೆ ಹಲವರಲ್ಲಿ ಬಿಗಿದ ಸೊಂಟದ ಕೀಲು ಇರುತ್ತದೆ. ದಿನವಿಡೀ ಕುರ್ಚಿಯಲ್ಲಿ ಕೂತವರ ಕೀಲು ತಿರುಗುವುದನ್ನೇ ಮರೆತಿರುತ್ತದೆ. ಹಿಮ್ಮಡಿ ನೆಲಕ್ಕಿಟ್ಟು ಕುಕ್ಕರಗಾಲಲ್ಲಿ ಆರಾಮಾಗಿ ಕೂರಬಲ್ಲ ನಮ್ಮ ಹಿರಿಯರಿಗೆ ಇರುವ ಸೊಂಟದ ಸಡಿಲ ಅವರ ಸಾಫ್ಟ್‌ವೇರ್ ಮೊಮ್ಮಕ್ಕಳಿಗೆ ಇಲ್ಲ. ಗೋಡೆಗೆ ಹಿಂಭಾಗ ತಾಗಿಸಿ ನಿಂತು, ಕ್ಲಬ್ ಇಲ್ಲದೆ, ತಿರುಗುವ ಉದ್ದಕ್ಕೂ ಗೋಡೆಯ ಸ್ಪರ್ಶ ಬಿಡದಂತೆ ಅಭ್ಯಾಸ ಮಾಡುವುದು, ಅದರ ಜೊತೆ ನಿಧಾನ ಬೈಠಕ್ ತೆಗೆಯುವುದು ಎರಡೂ ಬೇಕು.

ಸ್ವಿಂಗಿನ ತಪ್ಪು ಬರೀ ಅಂಕದ ಪ್ರಶ್ನೆಯಲ್ಲ. ಹವ್ಯಾಸಿ ಗಾಲ್ಫ್ ಆಟಗಾರರನ್ನು ಹೆಚ್ಚಾಗಿ ಕಾಡುವ ನೋವುಗಳಲ್ಲಿ ಕೆಳಬೆನ್ನಿನದು ಮುಂದಿದೆ, ಮೊಣಕೈ, ಮಣಿಕಟ್ಟು ಅದರ ಹಿಂದೆ. ಮೈ ಬೆಚ್ಚಗಾಗುವ ಮೊದಲೇ ಡ್ರೈವರ್, ಅಂದರೆ ಅತಿ ದೂರ ಹೊಡೆಯುವ ಕ್ಲಬ್, ಹಿಡಿದು ಬೀಸುವುದು, ಗಟ್ಟಿ ಮ್ಯಾಟಿನ ಮೇಲೆ ನೂರಾರು ಚೆಂಡು ಒಂದೇ ಸಮನೆ ಹೊಡೆಯುವುದು, ಎರಡೂ ಅಪಾಯ. ನೋವು ಬಂದ ಮೇಲೂ ‘ಆಡ್ತಾ ಆಡ್ತಾ ಹೋಗ್ತದ’ ಎಂದು ಮುಂದುವರಿಸಬಾರದು, ವೈದ್ಯರ ಹತ್ತಿರ ಹೋಗಬೇಕು.

ಚಂದಕ್ಕೆ ಅಂಕವಿಲ್ಲ

ತಿದ್ದುವ ಹುಮ್ಮಸ್ಸಿನಲ್ಲಿ ತಿದ್ದಬೇಕಿಲ್ಲದ್ದನ್ನೂ ಮುಟ್ಟುವವರಿದ್ದಾರೆ. ಅಮೆರಿಕದ ಜಿಮ್ ಫ್ಯೂರಿಕ್ ಸ್ವಿಂಗ್ ನೋಡಿದರೆ ಯಾವ ಪುಸ್ತಕದಲ್ಲೂ ಇಲ್ಲದ್ದು. ಕ್ಲಬ್ ಮೇಲಕ್ಕೆ ನೆಟ್ಟಗೆ ಏರಿ, ಒಂದು ಸುರುಳಿ ಸುತ್ತಿ, ಬೇರೆಯದೇ ದಾರಿಯಲ್ಲಿ ಇಳಿಯುತ್ತದೆ. 2003ರ ಯು.ಎಸ್. ಓಪನ್ ಗೆದ್ದವರು ಅವರು. 2016ರಲ್ಲಿ ಪಿಜಿಎ ಟೂರ್‌ನ ಒಂದು ಸುತ್ತನ್ನು 58 ಹೊಡೆತಗಳಲ್ಲಿ ಮುಗಿಸಿದ ಮೊದಲಿಗರೂ ಅವರೇ. ಆ ಸುರುಳಿಯ ಕೊನೆಗೆ, ಚೆಂಡು ತಾಗುವ ಗಳಿಗೆಯಲ್ಲಿ, ಅವರ ಕ್ಲಬ್ಬಿನ ಮುಖ ಇರಬೇಕಾದಲ್ಲಿ ಇರುತ್ತದೆ. ಚೆಂಡಿನ ಹಾರಾಟ ಕೆಡಿಸದ ವಿಚಿತ್ರವನ್ನು ತಪ್ಪು ಎನ್ನಬೇಕಿಲ್ಲ.

ಅದಿತಿಯವರನ್ನೇ ನೋಡಿ. ದೂರ ಹೊಡೆಯುವುದರಲ್ಲಿ ಅವರು ಹಿಂದಿರುವ ಆಟಗಾರ್ತಿ. ಟೋಕಿಯೊಗೆ ಮೊದಲು ಕೋವಿಡ್ ಬಂದು ಇನ್ನಷ್ಟು ಬಲ ಕುಂದಿತ್ತು. ಅವರನ್ನು ಪದಕದ ಅಂಚಿಗೆ ಒಯ್ದದ್ದು ಪಟರ್, ಕುಳಿಯ ಹತ್ತಿರ ಚೆಂಡು ಉರುಳಿಸುವ ಕೋಲು. ಎರಡು ವರ್ಷದ ನಂತರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದು ಅಲ್ಲಿ ಗಾಲ್ಫ್ ಪದಕ ತಂದ ಮೊದಲ ಭಾರತೀಯ ಮಹಿಳೆಯಾದರು. 72 ಹೊಡೆತಗಳ ಮೈದಾನದಲ್ಲಿ ಪ್ರತಿ ಕುಳಿಗೆ ಎರಡರಂತೆ 36 ಹೊಡೆತ ಪಟರ್‌ಗೆಂದೇ ಲೆಕ್ಕ ಹಾಕಿರುತ್ತಾರೆ. ರೇಂಜಿನಲ್ಲಿ ಇಡೀ ಬಕೆಟ್ ಡ್ರೈವರ್‌ಗೆ ಸುರಿಯುವವರು ಈ ಅರ್ಧವನ್ನು ಮರೆತಿರುತ್ತಾರೆ.

ತಿದ್ದುವವರಿಗೆ ತಾಳ್ಮೆ

ಒಂದು ಸಲಕ್ಕೆ ಒಂದೇ ತಪ್ಪು. ಮೊಬೈಲಿನಲ್ಲಿ ಬೆಳಗ್ಗೆ ಒಬ್ಬರ ಸಲಹೆ, ಸಂಜೆ ಇನ್ನೊಬ್ಬರ ಸಲಹೆ ನೋಡಿ ಎರಡನ್ನೂ ಒಂದೇ ಸ್ವಿಂಗಿನಲ್ಲಿ ಸೇರಿಸಿದರೆ ಯಾವುದು ಕೆಲಸ ಮಾಡಿತೆಂದೂ ತಿಳಿಯದು. ಮೊಬೈಲಿನ ಒಳ್ಳೆಯ ಉಪಯೋಗ ಕ್ಯಾಮೆರಾ. ಎದುರಿನಿಂದ ಒಮ್ಮೆ, ಗುರಿಗೆರೆಯ ಹಿಂದಿನಿಂದ ಒಮ್ಮೆ, ಕೈಗಳ ಎತ್ತರಕ್ಕೆ ಹಿಡಿದು ಚಿತ್ರೀಕರಿಸಿ. ಮಾಡುತ್ತಿದ್ದೇನೆ ಅನಿಸುವುದಕ್ಕೂ ಮಾಡುತ್ತಿರುವುದಕ್ಕೂ ಎಷ್ಟು ಅಂತರವಿದೆಯೆಂದು ನೋಡಿದಾಗಲೇ ನಂಬಿಕೆ ಬರುತ್ತದೆ.

ಮೊದಲು ಚೆಂಡಿಲ್ಲದೆ ನಿಧಾನ, ಆಮೇಲೆ ಚೆಂಡಿಟ್ಟು ಅರ್ಧ ಬಲದಲ್ಲಿ, ಆಮೇಲೆ ಪೂರ್ತಿ. ಮನಸ್ಸು ಎಲ್ಲಿಡಬೇಕೆಂಬುದೂ ಮುಖ್ಯ. ಸಂಶೋಧಕಿ ಗ್ಯಾಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು 1999ರಲ್ಲಿ ಗಾಲ್ಫ್ ಕಲಿಯುವವರ ಮೇಲೆ ನಡೆಸಿದ ಅಧ್ಯಯನದಲ್ಲಿ, ತಮ್ಮ ತೋಳಿನ ಚಲನೆ ಗಮನಿಸಿದವರಿಗಿಂತ ಕ್ಲಬ್ಬಿನ ಚಲನೆ ಗಮನಿಸಿದವರು ಚೆನ್ನಾಗಿ ಕಲಿತರು. ‘ಮೊಣಕೈ ಒಳಗೆ’ ಎಂದು ಜಪಿಸುವುದಕ್ಕಿಂತ ‘ಬಾಟಲಿ ತಪ್ಪಿಸು’ ಎಂದುಕೊಳ್ಳುವುದು ಫಲಿಸುವುದು ಇದಕ್ಕೇ.

ಹೊತ್ತು ಹಿಡಿಯುತ್ತದೆ. ಟೈಗರ್ ವುಡ್ಸ್ 1997ರ ಮಾಸ್ಟರ್ಸ್ ಟೂರ್ನಿಯನ್ನು 12 ಹೊಡೆತಗಳ ಅಂತರದಲ್ಲಿ ಗೆದ್ದ ಮೇಲೆ, ತರಬೇತುದಾರ ಬುಚ್ ಹಾರ್ಮನ್ ಜೊತೆ ಕೂತು ತಮ್ಮ ಸ್ವಿಂಗನ್ನು ಬಿಚ್ಚಿ ಮತ್ತೆ ಕಟ್ಟಿದರು. ಮರುವರ್ಷ ಪಿಜಿಎ ಟೂರ್‌ನಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಗೆಲುವು. 2000 ಮತ್ತು 2001ರಲ್ಲಿ ನಾಲ್ಕು ಮೇಜರ್‌ಗಳನ್ನು ಸಾಲಾಗಿ ಗೆದ್ದರು.

ಬಿಡದಿಯ ಹುಡುಗ, ನಮ್ಮ ಹುಡುಗರು

ಬೆಂಗಳೂರು ಗಾಲ್ಫ್ ಕ್ಲಬ್ ಹುಟ್ಟಿದ್ದು 1876ರಲ್ಲಿ. ಕರ್ನಾಟಕಕ್ಕೆ ಈ ಆಟ ಬಂದು ಒಂದೂವರೆ ಶತಮಾನವಾದರೂ ಅದು ಬಹುಕಾಲ ಬೇಲಿಯ ಒಳಗೇ ಇತ್ತು. ಬೇಲಿ ದಾಟಿದವರಲ್ಲಿ ಒಬ್ಬರು ಎಸ್. ಚಿಕ್ಕರಂಗಪ್ಪ. ಬಿಡದಿಯ ಈಗಲ್‌ಟನ್ ಗಾಲ್ಫ್ ಮೈದಾನದ ಪಕ್ಕದ ಹಳ್ಳಿಯವರು, ಅಲ್ಲಿ ಚೆಂಡು ಆರಿಸುವ ಹುಡುಗನಾಗಿ ಶುರುಮಾಡಿ ತರಬೇತುದಾರ ವಿಜಯ್ ದಿವೇಚಾ ಕಣ್ಣಿಗೆ ಬಿದ್ದರು. ಭಾರತದ ಗಾಲ್ಫ್ ಆಟಗಾರ ಅನಿರ್ಬನ್ ಲಾಹಿರಿಯವರನ್ನು ತಿದ್ದಿದ ಗುರುವೂ ದಿವೇಚಾ ಅವರೇ. ಚಿಕ್ಕರಂಗಪ್ಪ ವೃತ್ತಿಪರರಾಗಿ ದೇಶದ ಟೂರ್‌ನಲ್ಲಿ ಹಲವು ಪ್ರಶಸ್ತಿ ಗೆದ್ದರು. ಮೈದಾನ ಹತ್ತಿರವಿತ್ತು, ತಪ್ಪು ಹೇಳಿಕೊಡುವ ಕಣ್ಣು ಹತ್ತಿರವಿತ್ತು. ಹಳ್ಳಿಯ ಹುಡುಗನಿಗೆ ಬೇಕಾದದ್ದು ಅವೆರಡೇ.

ಚಿಕ್ಕೋಡಿ ಕಡೆಯ ನಮ್ಮ ಐದು ತಾಲ್ಲೂಕುಗಳ ಮಕ್ಕಳಿಗೆ ಗಾಲ್ಫ್ ಮೈದಾನ ಹತ್ತಿರವಿಲ್ಲ. ಆದರೆ ಸ್ವಿಂಗ್ ಕಲಿಯಲು ಮೈದಾನ ಬೇಕೇಬೇಕು ಎಂಬುದನ್ನು ನಾನು ಒಪ್ಪುವುದಿಲ್ಲ. ಮೇಲೆ ಹೇಳಿದ ಗೆರೆ, ಬಾಟಲಿ, ಟವೆಲ್, ಗೋಡೆ ಯಾವುದಕ್ಕೂ ಹುಲ್ಲುಗಾವಲು ಬೇಡ. ಅಭ್ಯಾಸಕ್ಕೆಂದೇ ಬರುವ ತೂತಿನ ಪ್ಲಾಸ್ಟಿಕ್ ಚೆಂಡು ಜೋರು ಹೊಡೆದರೂ ದೂರ ಹಾರುವುದಿಲ್ಲ, ಶಾಲೆಯ ಖೋ-ಖೋ ಅಂಗಳವೂ ಸಾಕಾಗುತ್ತದೆ. ಮಕ್ಕಳನ್ನು ಸಾಲಾಗಿ ಒಂದೇ ದಿಕ್ಕಿಗೆ ನಿಲ್ಲಿಸಿ, ನಡುವೆ ಎರಡು ಕ್ಲಬ್ ಉದ್ದದ ಅಂತರ ಬಿಟ್ಟು, ಒಬ್ಬ ದೈಹಿಕ ಶಿಕ್ಷಕರು ಹಿಡಿತ ಮತ್ತು ನಿಲುವನ್ನಷ್ಟೇ ತಿಂಗಳುಗಟ್ಟಲೆ ತಿದ್ದಿದರೂ ಮುಂದೆ ಪುಣೆಗೋ ಬೆಂಗಳೂರಿಗೋ ಹೋದ ಹುಡುಗಿಗೆ, ಹುಡುಗನಿಗೆ ಅಲ್ಲಿಯ ತರಬೇತುದಾರ ಬಿಡಿಸಬೇಕಾದ ಗಂಟುಗಳು ಕಡಿಮೆ ಇರುತ್ತವೆ.

ಕೊಳ್ಳುವವರು ಇಡೀ ಚೀಲ ಕೊಳ್ಳಬೇಕಿಲ್ಲ. ಆಟದಲ್ಲಿ ಗರಿಷ್ಠ 14 ಕ್ಲಬ್ ಒಯ್ಯಬಹುದು, ಕಲಿಯಲು ಒಂದು ಸಾಕು. ಯಾರೋ ಆಡಿ ಬಿಟ್ಟ ಹಳೆಯ ಸೆವೆನ್ ಐರನ್ ಹುಡುಕಿ, ಎತ್ತರಕ್ಕೆ ಹೊಂದುತ್ತದೆಯೇ ನೋಡಿಕೊಳ್ಳಿ. ಅದರ ಮುಖ ಮೂವತ್ತು ಡಿಗ್ರಿಯ ಆಸುಪಾಸು ವಾಲಿರುವುದರಿಂದ ಚೆಂಡಿಗೆ ಹಿಮ್ಮುಖ ತಿರುಗು ಹೆಚ್ಚು, ಪಕ್ಕಕ್ಕೆ ಬಾಗುವುದು ಕಡಿಮೆ. ಡ್ರೈವರ್ ಮುಖದ ವಾಲು ಹತ್ತು ಡಿಗ್ರಿಯ ಸುತ್ತಮುತ್ತ. ಅದೇ ತಪ್ಪಿಗೆ ಅದು ಚೆಂಡನ್ನು ಹಲವು ಪಟ್ಟು ಹೆಚ್ಚು ಬಾಗಿಸುತ್ತದೆ, ಕಲಿಯುವವರ ಧೈರ್ಯ ಕುಂದಿಸುತ್ತದೆ. ಸೆವೆನ್ ಐರನ್‌ನಲ್ಲಿ ಹತ್ತಕ್ಕೆ ಆರು ಚೆಂಡು ಹೇಳಿದ ಕಡೆ ಹೋಗುವವರೆಗೆ ಡ್ರೈವರ್ ಮುಟ್ಟದಿರುವುದು ಒಳ್ಳೆಯದು.